ಪುಸ್ತಕ ಮಳಿಗೆಗೆ ಯಾವ ಗಾಡಿ? ಟೆಂಪೋ, ಲಾರಿ ಪಾರ್ಸೆಲ್, ಬಸ್ಸು, ಏಜೆನ್ಸಿ ನಾಲ್ಕೂ ನೋಡಿದ ಮೇಲೆ

ಮಂಡ್ಯಕ್ಕೆ ಕಳಿಸಿದ್ದು ಹದಿನಾಲ್ಕು ಬಾಕ್ಸ್. ಮುಟ್ಟಿದ್ದು ಹದಿಮೂರು.

2024ರ ಡಿಸೆಂಬರ್ 20ರಿಂದ 22ರವರೆಗೆ ಅಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. ಮುಟ್ಟದ ಬಾಕ್ಸಿನಲ್ಲಿ ಇದ್ದದ್ದು ಅದೇ ತಿಂಗಳು ಅಚ್ಚಾದ ಹೊಸ ಪುಸ್ತಕ, ಎಂಬತ್ತು ಪ್ರತಿ. ಮಳಿಗೆಗೆ ದೊಡ್ಡ ಬ್ಯಾನರ್ ಬೇರೆ ಅದರದ್ದೇ ಹಾಕಿದ್ದೆ. ಬ್ಯಾನರ್ ನೋಡಿ ಬಂದವರಿಗೆಲ್ಲ "ಸಂಜೆ ಬರ್ತದ್ರಿ" ಅಂತ ಮೂರು ದಿನ ಹೇಳಿದೆ. ಬಾಕ್ಸ್ ಬಂದದ್ದು ಸೋಮವಾರ. ಅಷ್ಟೊತ್ತಿಗೆ ಪೆಂಡಾಲ್ ಬಿಚ್ಚುತ್ತಿದ್ದರು.

ನಾನು ಧಾರವಾಡದಲ್ಲಿ ಸಣ್ಣ ಪ್ರಕಾಶನ ನಡೆಸುತ್ತೇನೆ. ವರ್ಷಕ್ಕೆ ಐದಾರು ಕಡೆ ಮಳಿಗೆ ಹಾಕುತ್ತೇನೆ. ಸಮ್ಮೇಳನ, ಜಾತ್ರೆ, ಕಾಲೇಜು, ಕೃಷಿ ಮೇಳ, ಅಪರೂಪಕ್ಕೊಮ್ಮೆ ಬೆಂಗಳೂರಿನ ದೊಡ್ಡ ಹಾಲ್. ಸಾಮಾನು ಸಾಗಿಸಲು ನಾಲ್ಕು ದಾರಿ ಹಿಡಿದು ನೋಡಿದ್ದೇನೆ: ಬಾಡಿಗೆ ಟೆಂಪೋ, ಲಾರಿ ಪಾರ್ಸೆಲ್, ಬಸ್ ಪಾರ್ಸೆಲ್, ಪ್ರದರ್ಶನಗಳಿಗೇ ಸಾಗಣೆ ಮಾಡುವ ಏಜೆನ್ಸಿ. ಹೊಸದಾಗಿ ಮಳಿಗೆ ಹಾಕುವವರು ಫೋನ್ ಮಾಡಿ "ಕಿಲೋಕ್ಕೆ ಯಾವುದು ಅಗ್ಗ?" ಅಂತ ಕೇಳುತ್ತಾರೆ. ಕಿಲೋ ರೇಟಿನಲ್ಲಿ ನಾನು ಕಳೆದುಕೊಂಡದ್ದು ಕಡಿಮೆ. ಗೇಟಿನಿಂದ ಮಳಿಗೆಯವರೆಗಿನ ಇನ್ನೂರು ಮೀಟರಿನಲ್ಲಿ ಮತ್ತೆ ಕೊನೇ ದಿನ ರಾತ್ರಿಯಲ್ಲಿ ಕಳೆದುಕೊಂಡದ್ದೇ ಜಾಸ್ತಿ.

ಮೊದಲು ಸಾಮಾನಿನ ಲೆಕ್ಕ. ನನ್ನ ಬಾಕ್ಸ್ 45 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ. ಪುಸ್ತಕ ತುಂಬಿದರೆ ಸುಮಾರು 25 ಕೆ.ಜಿ. ತೂಗುತ್ತದೆ. ಕೊರಿಯರ್‌ನವರು ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿ ಒಂದು ತೂಕ ತೆಗೆಯುತ್ತಾರೆ. ಅದು ಹೆಚ್ಚೋ, ತಕ್ಕಡಿ ತೂಕ ಹೆಚ್ಚೋ, ಯಾವುದು ಹೆಚ್ಚೋ ಅದಕ್ಕೆ ದುಡ್ಡು. ನನ್ನ ಬಾಕ್ಸಿಗೆ ಆ ಲೆಕ್ಕ ಬರೀ 8.1 ಕೆ.ಜಿ. ಅಂದರೆ ಪುಸ್ತಕದಲ್ಲಿ ತಕ್ಕಡಿ ತೂಕವೇ ಗೆಲ್ಲುತ್ತದೆ, ಮೋಸ ಇಲ್ಲ. ತಲೆನೋವು ರ‍್ಯಾಕಿನದ್ದು. ಮಡಚುವ ಕಬ್ಬಿಣದ ರ‍್ಯಾಕು, ಕಟ್ಟಿದಾಗ 180, 60, 20 ಸೆಂ.ಮೀ. ತಕ್ಕಡಿ ಮೇಲೆ 14 ಕೆ.ಜಿ., ಅವರ ಲೆಕ್ಕದಲ್ಲಿ 43 ಕೆ.ಜಿ. ಮೂರು ರ‍್ಯಾಕು ಅಂದರೆ ಐದು ಬಾಕ್ಸ್ ಪುಸ್ತಕದ ದುಡ್ಡು. ಇದು ಗೊತ್ತಾಗಲು ನನಗೆ ಮೂರು ವರ್ಷ ಹಿಡಿಯಿತು!

ಈಗ ಟೆಂಪೋ. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೇ ಸಮ್ಮೇಳನ ಆದಾಗ ಬೊಲೆರೊ ಪಿಕಪ್ ಮಾಡಿಕೊಂಡು ಹೋಗಿದ್ದೆ. ಧಾರವಾಡದಿಂದ ನೂರು ಕಿಲೋಮೀಟರಿನೊಳಗಿನ ದಾರಿ. ಬಂಕಾಪುರದ ಟೋಲ್ ಸೇರಿ ಹೋಗಲು ₹4,200. ನಮ್ಮ ಓಣಿಯ ಡ್ರೈವರ್. ಎರಡು ಬಾಕ್ಸ್ ಎತ್ತಿದ ಮೇಲೆ ಸೊಂಟದ ಮೇಲೆ ಕೈ ಇಟ್ಟು ನಿಂತ. "ಸರ, ಪುಸ್ತಕಾ ಅಂದ್ರ ಕಬ್ಬಿಣ ಇದ್ದಂಗ್ರಿ. ನೋಡಾಕ ಸಣ್ಣ, ಎತ್ತಾಕ ಹೋದ್ರ ಟೊಂಕಾ ಹಿಡೀತೈತಿ."

ಟೆಂಪೋದ ಸುಖ ಏನೆಂದರೆ ಸಾಮಾನು ಕಣ್ಣೆದುರೇ ಇರುತ್ತದೆ. ರ‍್ಯಾಕಿಗೆ ಬೇರೆ ಲೆಕ್ಕ ಇಲ್ಲ, ಬ್ಯಾನರ್ ಕೋಲು, ಕುರ್ಚಿ, ನೀರಿನ ಕ್ಯಾನ್, ಎರಡು ದಿನದ ರೊಟ್ಟಿ ಬುತ್ತಿ ಎಲ್ಲಾ ಹಿಂದೆ ತುರುಕಬಹುದು. ಮಳಿಗೆ ಸಾಲಿನ ಬಾಯಿವರೆಗೆ ಗಾಡಿ ಬಿಟ್ಟರಂತೂ ಹಮಾಲಿ ಕೂಡ ಉಳಿಯುತ್ತದೆ. ಸಮ್ಮೇಳನ ಸಾಮಾನ್ಯವಾಗಿ ಭಾನುವಾರ ಮುಗಿಯುತ್ತದೆ. ಭಾನುವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ಹನ್ನೊಂದೂವರೆಗೆ ಗಾಡಿ ಬಂದು ನಿಂತಿತ್ತು. ಬೆಳಗಿನ ಜಾವ ಮೂರಕ್ಕೆ ಪುಸ್ತಕ ಮನೆ ಸೇರಿದವು. ಈ ಸುಖ ಬೇರೆ ಯಾವುದರಲ್ಲೂ ಇಲ್ಲ.

ಆದರೆ ದೂರ ಹೆಚ್ಚಾದಂತೆ ಟೆಂಪೋ ದುಡ್ಡು ಕುಡಿಯುತ್ತದೆ. ಖಾಲಿ ಬರುವ ದಾರಿಯದ್ದನ್ನೂ ನಾವೇ ಕೊಡಬೇಕಲ್ವಾ. ಮಂಡ್ಯಕ್ಕೆ ಅದೇ ಡ್ರೈವರ್ ಹೇಳಿದ್ದು ₹19,000. ಮೂರು ದಿನ ಅಲ್ಲೇ ನಿಂತರೆ ದಿನದ ಭತ್ಯೆ ಬೇರೆ. ನನ್ನ ಮಳಿಗೆಯ ಲಾಭವೇ ಅಷ್ಟು ಬರುತ್ತದೋ ಇಲ್ಲವೋ.

ಇನ್ನೊಂದು ಮಾತು. ಸಣ್ಣ ಟೆಂಪೋಕ್ಕೆ ಎರೆ ಮಣ್ಣು ಆಗಿಬರಲ್ಲ. ಧಾರವಾಡದ ಕೃಷಿ ಮೇಳ ಬರುವುದೇ ಸೆಪ್ಟೆಂಬರ್ ಸುಮಾರಿಗೆ, ಮಳೆಗಾಲದ ಬಾಲದಲ್ಲಿ. ಒಂದು ವರ್ಷ ಹಿಂದಿನ ರಾತ್ರಿ ಮಳೆ ಹೊಡೆದಿತ್ತು. ಬೇಗ ಆಗಲಿ ಅಂತ ಡಾಂಬರು ಬಿಟ್ಟು ಹೊಲದ ಅಂಚಿಗೆ ಗಾಡಿ ಇಳಿಸು ಅಂದವನು ನಾನೇ. ಇಪ್ಪತ್ತು ಹೆಜ್ಜೆ ಹೋಗುವುದರಲ್ಲಿ ಹಿಂದಿನ ಗಾಲಿ ಅರ್ಧ ಹೂತಿತು. ಎರೆ ಮಣ್ಣು ಗಾಲಿಗೆ ಹತ್ತಿದರೆ ಬಿಡುವುದಿಲ್ಲ, ಕಣಕದ ಹಾಗೆ ಸುತ್ತಿಕೊಳ್ಳುತ್ತದೆ. ಬಾಕ್ಸ್ ಎಲ್ಲಾ ಇಳಿಸಿ, ಗಾಲಿಗೆ ಗೋಣಿಚೀಲ ಕೊಟ್ಟು, ಪಕ್ಕದ ಬೀಜದ ಮಳಿಗೆಯ ಹುಡುಗರನ್ನು ಕರೆದು ನೂಕಿದೆವು. ಅವತ್ತಿನಿಂದ ಕೆಳಗಿನ ಸಾಲು ಬಾಕ್ಸಿಗೆ ಪ್ಲಾಸ್ಟಿಕ್ ಸುತ್ತದೆ ಮನೆ ಬಿಡುವುದಿಲ್ಲ, ಗಾಡಿಯಲ್ಲಿ ಒಂದು ತಾಡಪತ್ರಿ ಇದ್ದೇ ಇರುತ್ತದೆ.

ಲಾರಿ ಪಾರ್ಸೆಲ್‌ಗೆ ಬರೋಣ. ರೇಟಿನಲ್ಲಿ ಇದನ್ನು ಹೊಡೆಯುವವರಿಲ್ಲ. ಮಂಡ್ಯದ ಹದಿನಾಲ್ಕು ಬಾಕ್ಸಿಗೆ ಕಿಲೋಕ್ಕೆ ₹6ರಂತೆ ₹2,100, ಹಮಾಲಿ ₹210, ಬಿಲ್ಟಿ ಅಂದರೆ ಬುಕಿಂಗ್ ರಸೀದಿಗೆ ₹100. ಒಟ್ಟು ₹2,410. ಅಲ್ಲಿ ಗೋಡೌನಿನಿಂದ ಮಳಿಗೆಗೆ ಗೂಡ್ಸ್ ಆಟೋ ₹600. ಟೆಂಪೋದ ₹19,000 ಎಲ್ಲಿ, ಇದೆಲ್ಲಿ!

ಆದರೆ ಧಾರವಾಡದಲ್ಲಿ ಹತ್ತಿಸಿದ ಬಾಕ್ಸ್ ಅದೇ ಲಾರಿಯಲ್ಲಿ ಮಂಡ್ಯಕ್ಕೆ ಹೋಗುವುದಿಲ್ಲ. ಹುಬ್ಬಳ್ಳಿಯಲ್ಲಿ ಇಳಿಯುತ್ತದೆ, ಹತ್ತುತ್ತದೆ. ಬೆಂಗಳೂರಿನಲ್ಲಿ ಇಳಿಯುತ್ತದೆ, ಹತ್ತುತ್ತದೆ. ಪ್ರತಿ ಸಲ ಯಾರೋ ಒಬ್ಬರು ಬಾಕ್ಸ್ ಎತ್ತಿ ಎಸೆಯುತ್ತಾರೆ. ಪುಸ್ತಕಕ್ಕೆ ಮೊದಲು ಪೆಟ್ಟು ಬೀಳುವುದು ಮೂಲೆಗೆ. ಮೂಲೆ ಮಡಚಿದ ಪುಸ್ತಕವನ್ನು ಯಾರೂ ಪೂರ್ತಿ ಬೆಲೆಗೆ ಒಯ್ಯುವುದಿಲ್ಲ, ಒಳಗಿನ ಕವಿತೆ ಎಷ್ಟೇ ಚೆನ್ನಾಗಿರಲಿ. ಪ್ರೆಸ್ಸಿನಿಂದ ಬಂದ ಕಂದು ಕಾಗದದ ಕಟ್ಟನ್ನು ಬಿಚ್ಚದೆ ಹಾಗೇ ಬಾಕ್ಸಿಗೆ ಇಳಿಸಿ, ಸುತ್ತಲೂ ಹಳೇ ಪೇಪರ್ ಗಟ್ಟಿಯಾಗಿ ತುರುಕಿದರೆ ಎಷ್ಟೋ ಉಳಿಯುತ್ತವೆ. ತೂಕದ್ದೂ ಒಂದು ಗುಟ್ಟಿದೆ. 30 ಕೆ.ಜಿ. ದಾಟಿದರೆ ಹಮಾಲರು ಎತ್ತುವುದಿಲ್ಲ, ಉರುಳಿಸುತ್ತಾರೆ. 12 ಕೆ.ಜಿ. ಇದ್ದರೆ ಚೆಂಡಿನ ಹಾಗೆ ಎಸೆಯುತ್ತಾರೆ. 20ರಿಂದ 25 ಒಳ್ಳೇದು.

ಹದಿನಾಲ್ಕನೇ ಬಾಕ್ಸಿನ ಕತೆಗೆ ಬಂದರೆ, ನಾಲ್ಕು ದಿನ ಮೊದಲೇ ಬುಕ್ ಮಾಡಿದ್ದೆ. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ಮಾಲ್ ಬೆಂಗಳೂರು ಬಿಟ್ಟೈತ್ರಿ ಸರ್." ಬೆಂಗಳೂರು ಬಿಟ್ಟಿದ್ದು ನಿಜವೇ, ಬೇರೆ ಊರಿನ ಲಾರಿಯಲ್ಲಿ. ನಷ್ಟ ಕೇಳೋಣ ಅಂತ ಬಿಲ್ಟಿ ತಿರುವಿ ನೋಡಿದರೆ ಹಿಂದೆ ಸಣ್ಣಕ್ಷರದಲ್ಲಿ "ಮಾಲೀಕರ ಜವಾಬ್ದಾರಿ ಮೇಲೆ" ಅಂತಿತ್ತು. ವಕೀಲ ಗೆಳೆಯರೊಬ್ಬರು ಆಗ ಹೇಳಿಕೊಟ್ಟದ್ದು ಇದು: 2007ರ ರಸ್ತೆ ಸಾಗಣೆ ಕಾಯ್ದೆ ಮತ್ತೆ ಅದರ 2011ರ ನಿಯಮದ ಪ್ರಕಾರ, ಸಾಮಾನಿಗೆ ಹೆಚ್ಚಿನ ರಿಸ್ಕ್ ದರ ಕಟ್ಟಿರದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಬುಕ್ ಮಾಡಿದ 180 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡಬೇಕು. ನನ್ನ ಆ ಬಾಕ್ಸಿನ ಬಾಡಿಗೆ ₹150. ಹತ್ತು ಪಟ್ಟು ಅಂದರೆ ₹1,500. ಒಳಗಿನ ಪುಸ್ತಕ ₹16,000ದ್ದು. ಬಾಕ್ಸ್ ಕಳೆದೇ ಹೋಗಿದ್ದರೂ ಇಷ್ಟೇ. ನನ್ನದು ತಡವಾಗಿ ಬಂತು, ಅಷ್ಟಕ್ಕೆ ಸುಮ್ಮನಾದೆ. ಸುಮ್ನೆ ಎಲ್ಲಿ ಅಲೆಯೋದು.

ತಪ್ಪು ನನ್ನದೂ ಇತ್ತು. ಒಂದೇ ಪುಸ್ತಕದ ಎಲ್ಲಾ ಪ್ರತಿಗಳನ್ನು ಒಂದೇ ಬಾಕ್ಸಿಗೆ ತುಂಬಿದ್ದೆ. ಈಗ ಪ್ರತಿ ಬಾಕ್ಸಿನಲ್ಲೂ ಎಲ್ಲದರದ್ದೂ ಸ್ವಲ್ಪ ಸ್ವಲ್ಪ ಹಾಕುತ್ತೇನೆ. ಯಾವ ಬಾಕ್ಸ್ ದಾರಿ ತಪ್ಪಿದರೂ ಮಳಿಗೆ ನಿಲ್ಲುವುದಿಲ್ಲ.

ಲಾರಿ ಪಾರ್ಸೆಲ್‌ನ ಇನ್ನೊಂದು ತೊಡಕು ವಾಪಸ್ ಬರುವಾಗಿನದ್ದು. ಭಾನುವಾರ ಸಂಜೆ ಮಳಿಗೆ ಖಾಲಿ ಮಾಡಿ ಅನ್ನುತ್ತಾರೆ, ಭಾನುವಾರ ಗೋಡೌನ್ ಬಾಗಿಲು ಹಾಕಿರುತ್ತದೆ. ಮಾರದೆ ಉಳಿದ ಪುಸ್ತಕದ ಮೇಲೆ ತಾಡಪತ್ರಿ ಹಾಸಿ, ಅದರ ಮೇಲೆ ಮಲಗಿ, ಮಂಡ್ಯದ ಡಿಸೆಂಬರ್ ಚಳಿಯಲ್ಲಿ ಸೋಮವಾರದವರೆಗೆ ಕಾದೆ. ಲಾಡ್ಜಿನ ಬಾಡಿಗೆ ಉಳಿಯಿತು ಅನ್ನಿ.

ಕಾಗದಪತ್ರದ ವಿಷಯ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದಕ್ಕೆ ಇ-ವೇ ಬಿಲ್ಲೂ (ಸಾಮಾನು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ) ಬೇಕಿಲ್ಲ. ಆದರೂ ಬಾಕ್ಸ್ ಎಷ್ಟು, ಪುಸ್ತಕ ಎಷ್ಟು, ಯಾವ ಪ್ರದರ್ಶನಕ್ಕೆ ಅಂತ ಬರೆದ ಡೆಲಿವರಿ ಚಲನ್ ಮೂರು ಪ್ರತಿ ಮಾಡಿ ಇಟ್ಟುಕೊಳ್ಳುತ್ತೇನೆ. ದಾರಿಯಲ್ಲಿ ಯಾರಾದರೂ ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಸೀರೆ, ಯಂತ್ರ ಒಯ್ಯುವವರಿಗೆ ಈ ಸುಖ ಇಲ್ಲ. ₹50,000 ದಾಟಿದರೆ ಇ-ವೇ ಬಿಲ್ ಬೇಕು. ಅದರಲ್ಲಿ ಪ್ರದರ್ಶನ ಮತ್ತು ಮೇಳ ಅಂತಲೇ ಒಂದು ಆಯ್ಕೆ ಇದೆ, ಅದನ್ನೇ ಒತ್ತಬೇಕು. 200 ಕಿ.ಮೀ.ಗೆ ಒಂದು ದಿನದಂತೆ ಅವಧಿ.

ಬಸ್ ಪಾರ್ಸೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾರಿಗೆ ಸಂಸ್ಥೆಯ "ನಮ್ಮ ಕಾರ್ಗೋ" ಪಾರ್ಸೆಲ್ ಸೇವೆ 2021ರಲ್ಲಿ ಶುರುವಾದ ಮೇಲೆ ನನಗೆ ಇದು ತುರ್ತಿನ ಗೆಳೆಯ. ಗದಗದಲ್ಲಿ ಒಮ್ಮೆ ಶನಿವಾರ ಮಧ್ಯಾಹ್ನದೊಳಗೆ ವಚನದ ಪುಸ್ತಕಗಳೆಲ್ಲ ಖಾಲಿ. ಮನೆಗೆ ಫೋನ್ ಮಾಡಿದೆ. ಮಗ ಎರಡು ಬಾಕ್ಸ್ ಕಟ್ಟಿ ಬಸ್ಸಿಗೆ ಹಾಕಿದ. ಸಂಜೆ ಐದಕ್ಕೆ ಗದಗ ಬಸ್ ನಿಲ್ದಾಣದಲ್ಲಿ ಬಿಡಿಸಿಕೊಂಡೆ. ಎರಡು ಬಾಕ್ಸಿಗೆ ಇದಕ್ಕಿಂತ ಒಳ್ಳೇದು ಇಲ್ಲ. ಹದಿನಾಲ್ಕು ಬಾಕ್ಸಿಗೆ ಇದು ದಾರಿಯಲ್ಲ, ರ‍್ಯಾಕಿಗಂತೂ ಅಲ್ಲವೇ ಅಲ್ಲ. ಮಗ ಬಾಕ್ಸ್ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದಿದ್ದ. ತುಂತುರು ಮಳೆಗೆ ನನ್ನ ಹೆಸರು ನೀಲಿ ಕಲೆ ಆಗಿತ್ತು. ಪರ್ಮನೆಂಟ್ ಮಾರ್ಕರ್, ಅದರ ಮೇಲೆ ಅಗಲ ಸೆಲ್ಲೋ ಟೇಪ್. ಇಷ್ಟು ಮಾಡಿ ಸಾಕು.

ಕೊನೆಗೆ ಏಜೆನ್ಸಿ. ಬೆಂಗಳೂರಿನ ದೊಡ್ಡ ಹಾಲ್ ಒಂದರಲ್ಲಿ ಮಳಿಗೆ ಹಿಡಿದಾಗ ಅಲ್ಲಿನ ನಿಯಮದ ಪುಸ್ತಕ ನೋಡಿಯೇ ಗಾಬರಿಯಾಯಿತು. ಸಾಮಾನು ಒಳಗೆ ತರಲು ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಗಾಡಿಗೆ ಪಾಸ್, ಖಾಲಿ ಬಾಕ್ಸ್ ಮಳಿಗೆಯಲ್ಲಿ ಇಡುವ ಹಾಗಿಲ್ಲ. ನಮ್ಮ ಪೆಂಡಾಲಿನಲ್ಲಿ ಖಾಲಿ ಬಾಕ್ಸ್ ಮೇಜಿನ ಕೆಳಗೆ ತೂರಿಸಿ ಬಟ್ಟೆ ಮುಚ್ಚುತ್ತೇವೆ. ಅಲ್ಲಿ ಅದಕ್ಕೂ ದಂಡ. ನಾನು, ಇನ್ನಿಬ್ಬರು ಪ್ರಕಾಶಕರು ಸೇರಿ ಏಜೆನ್ಸಿಗೆ ಕೊಟ್ಟೆವು.

ಹೋಗುವ ಕೆಲಸ ನೋಡಿ ಕಣ್ಣು ತುಂಬಿತು. ಮನೆ ಬಾಗಿಲಿಗೆ ಬಂದರು. ಪ್ರತಿ ಬಾಕ್ಸಿಗೆ ನಂಬರ್ ಚೀಟಿ ಅಂಟಿಸಿ ಫೋಟೋ ತೆಗೆದರು. ಹೇಳಿದ ಹೊತ್ತಿಗೆ ಗೇಟ್ ದಾಟಿಸಿ, ತಳ್ಳುಗಾಡಿಯಲ್ಲಿ ತಂದು ನನ್ನ ಮಳಿಗೆಯ ಮೂಲೆಗೆ ಜೋಡಿಸಿದರು. ಖಾಲಿ ಬಾಕ್ಸ್ ಒಯ್ದು ತಮ್ಮ ಹತ್ತಿರ ಇಟ್ಟುಕೊಂಡು, ಕೊನೇ ದಿನ ಸಂಜೆ ತಂದು ಕೊಟ್ಟರು. ಆ ಇನ್ನೂರು ಮೀಟರ್ ನನ್ನ ಬೆನ್ನಿಗೆ ತಿಳಿಯಲೇ ಇಲ್ಲ.

ಹೋಗಿಬರುವುದಕ್ಕೆ ನನ್ನ ಪಾಲಿಗೆ ಬಂದ ಬಿಲ್ಲು ₹13,500. ಅವರದ್ದು ಘನ ಮೀಟರ್ ಲೆಕ್ಕ, ಕನಿಷ್ಠ ಒಂದು ಘನ ಮೀಟರ್. ಹನ್ನೆರಡು ಬಾಕ್ಸ್ ಪುಸ್ತಕ ಅರ್ಧ ಘನ ಮೀಟರ್ ಕೂಡ ಇರಲಿಲ್ಲ. ಮೂರು ರ‍್ಯಾಕು 0.65. ಅಂದರೆ ನಾನು ಪುಸ್ತಕಕ್ಕಿಂತ ಹೆಚ್ಚು ದುಡ್ಡು ಕೊಟ್ಟು ಗಾಳಿ ಸಾಗಿಸಿದ್ದೆ. ಅಲ್ಲೇ ಬಾಡಿಗೆಗೆ ರ‍್ಯಾಕು ಸಿಗುತ್ತಿತ್ತು.

ವಾಪಸ್ ಬರುವಾಗ ಆ ಅಕ್ಕರೆ ಇರಲಿಲ್ಲ. ಹುಬ್ಬಳ್ಳಿ ಕಡೆಯ ಲೋಡ್ ತುಂಬುವವರೆಗೆ ಬಾಕ್ಸ್ ಬೆಂಗಳೂರಿನಲ್ಲೇ ಕುಳಿತವು. ಒಂಬತ್ತು ದಿನ ಆಯಿತು. ನಡುವೆ ಒಂದು ಕಾಲೇಜಿನ ಮಳಿಗೆ ಒಪ್ಪಿಕೊಂಡಿದ್ದೆ, ಅದಕ್ಕೆ ಬೇರೆಯವರ ಪುಸ್ತಕ ಎರವಲು ತಂದು ಇಡಬೇಕಾಯಿತು.

ಹಾಗಾಗಿ ಈಗ ನಾನು ಒಂದೇ ದಾರಿಗೆ ಅಂಟಿಕೊಂಡಿಲ್ಲ. ಹಾವೇರಿ, ಗದಗ, ಬೆಳಗಾವಿ, ಅಂದರೆ ನೂರೈವತ್ತು ಕಿಲೋಮೀಟರಿನೊಳಗೆ ಕಣ್ಣು ಮುಚ್ಚಿ ಟೆಂಪೋ. ದೂರದ ಊರಿಗೆ ಲಾರಿ ಪಾರ್ಸೆಲ್, ಆದರೆ ಎಂಟು ದಿನ ಮೊದಲು, ಅದೂ ಆ ಊರಿನ ಪರಿಚಯದ ಪುಸ್ತಕದಂಗಡಿ ವಿಳಾಸಕ್ಕೆ. ಅಂಗಡಿಯವರಿಗೆ ಹತ್ತು ಪುಸ್ತಕ ಹೆಚ್ಚಿನ ಕಮಿಷನ್ನಿನಲ್ಲಿ ಕೊಟ್ಟರೆ ಖುಷಿಯಿಂದ ಇಟ್ಟುಕೊಳ್ಳುತ್ತಾರೆ. ವಾಪಸ್ ಬರುವಾಗಲೂ ಉಳಿದದ್ದನ್ನು ಅಲ್ಲೇ ಇಟ್ಟು ಬರುತ್ತೇನೆ, ಸೋಮವಾರ ಅವರೇ ಬುಕ್ ಮಾಡುತ್ತಾರೆ. ಗೇಟ್ ಪಾಸ್, ಗಂಟೆ ಲೆಕ್ಕ ಇರುವ ಹಾಲ್ ಆದರೆ ಏಜೆನ್ಸಿ, ಹೋಗುವುದಕ್ಕೆ ಮಾತ್ರ, ರ‍್ಯಾಕು ಬಿಟ್ಟು. ಮಳಿಗೆಯಲ್ಲಿ ನೋಡಿ "ಮನೆಗೆ ಕಳಿಸಿ" ಅನ್ನುವವರಿಗೆ ಅಂಚೆಯ ಜ್ಞಾನ ಪೋಸ್ಟ್ ಇದೆ. 2025ರ ಮೇ 1ರಂದು ಶುರುವಾದಾಗ 300 ಗ್ರಾಂಗೆ ₹20, 5 ಕೆ.ಜಿ.ಗೆ ₹100 ಇಟ್ಟಿದ್ದರು, ತೆರಿಗೆ ಬೇರೆ.

ರ‍್ಯಾಕು ಮೂರೂ ಈಗ ಮನೆಯ ಅಟ್ಟದ ಮೇಲಿವೆ. ಹತ್ತಿರದ ಊರಿಗೆ ಟೆಂಪೋ ಹೊರಟಾಗ ಮಾತ್ರ ಇಳಿಯುತ್ತವೆ. ಮಂಡ್ಯಕ್ಕೆ ತಡವಾಗಿ ಬಂದ ಆ ಬಾಕ್ಸಿನಲ್ಲಿ ಈಗ ಸುತ್ತಿಗೆ, ಸುತಳಿ, ಟೇಪು, ಮಾರ್ಕರ್ ಇಡುತ್ತೇನೆ. ಮೇಲೆ ಬೇರೆ ಊರಿನ ಗೋಡೌನಿನ ಚೀಟಿ ಹಾಗೇ ಇದೆ. ಕಿತ್ತರೂ ಬರ್ತಿಲ್ಲ, ಅಷ್ಟು ಗಟ್ಟಿಯಾಗಿ ಅಂಟಿಸಿದ್ದಾರೆ.