ಡಿಗ್ರಿ: ಕಾಸಿಗೆ ತಕ್ಕ ಕಜ್ಜಾಯವೇ?

ಸರಕು: ನಾಲ್ಕು ವರ್ಷದ ಪದವಿ. ವಾಪಸ್ ತಗೊಳ್ಳುವುದಿಲ್ಲ, ಬದಲಿಸಿ ಕೊಡುವುದಿಲ್ಲ, ಅರ್ಧ ಬಳಸಿ ಬೇರೆಯವರಿಗೆ ಮಾರುವಂತೆಯೂ ಇಲ್ಲ.

ಮೊದಲು ಬೆಲೆ. ಫೀಸೊಂದೇ ಬೆಲೆ ಅಲ್ಲ. ಆ ವರ್ಷಗಳಲ್ಲಿ ದುಡಿದಿದ್ದರೆ ಬರುತ್ತಿದ್ದ ಸಂಬಳವೂ ಸೇರಬೇಕು. ಹೆಚ್ಚಾಗಿ ಅದೇ ದೊಡ್ಡ ಪಾಲು. ಡಿಗ್ರಿ ಇಲ್ಲದವರ ವರ್ಷದ ಸಂಬಳ 100 ಎಂದಿಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ ಕೈತಪ್ಪಿದ್ದು 400, ಫೀಸು-ಪುಸ್ತಕಕ್ಕೆ 120, ಒಟ್ಟು 520. ಡಿಗ್ರಿ ಇದ್ದರೆ ಸಂಬಳ 140 ಎಂದಾದರೆ ವರ್ಷಕ್ಕೆ ಹೆಚ್ಚು ಬರುವುದು 40. ಹಾಕಿದ್ದು ಹುಟ್ಟಲು 13 ವರ್ಷ. ಓದು ಮುಗಿದ ಮೇಲೆ ಒಂದು ವರ್ಷ ಕೆಲಸ ಸಿಗದೆ ಕೂತರೆ ಅದೇ ಹದಿನೈದೂವರೆ ಆಗುತ್ತದೆ. ಸಾಲದ ಬಡ್ಡಿ ಇನ್ನೂ ಸೇರಿಸಿಲ್ಲ! ಈ ಲೆಕ್ಕವನ್ನು ಸೇರುವ ಮೊದಲೇ ಹಾಕಿ. 140ರ ಜಾಗಕ್ಕೆ ಜಾಹೀರಾತಿನ 'ಅತಿ ಹೆಚ್ಚು ಪ್ಯಾಕೇಜ್' ಇಡಬೇಡಿ. ತರಗತಿಯಲ್ಲಿ ಎಷ್ಟು ಜನರಿದ್ದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವಿನವನ ಸಂಬಳ ಎಷ್ಟು ಎಂದು ಕೇಳಿ. ಉತ್ತರ ತಡವರಿಸಿದರೆ ಅದೂ ಉತ್ತರವೇ.

ಡಿಗ್ರಿ ಕೆಲಸ ಮಾಡುವ ಬಗೆ ವಿಚಿತ್ರ. ಅಭ್ಯರ್ಥಿಯ ಸಾಮರ್ಥ್ಯ ಕಂಪನಿಗೆ ಮೊದಲೇ ಕಾಣುವುದಿಲ್ಲ, ಹಾಗಾಗಿ ಡಿಗ್ರಿಯನ್ನೇ ಸುಳಿವಾಗಿ ಹಿಡಿಯುತ್ತದೆ ಎಂದು ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ವಿವರಿಸಿದ್ದರು. ಮೂರು ವರ್ಷ ಓದಿ ಬಿಟ್ಟವರಿಗೆ ಮುಕ್ಕಾಲು ಲಾಭ ಸಿಗದಿರುವುದಕ್ಕೆ ಇದೂ ಒಂದು ಕಾರಣ: ಓದು ಇರುತ್ತದೆ, ಸುಳಿವು ಇರುವುದಿಲ್ಲ. ಕೆಲಸ ಕಮ್ಮಿ, ಅರ್ಜಿ ರಾಶಿ ಎಂಬ ಕಾಲದಲ್ಲಿ ಡಿಗ್ರಿ ಜರಡಿಯಾಗುತ್ತದೆ. ಇದ್ದರೆ ಕೆಲಸ ಸಿಕ್ಕೇ ಸಿಗುತ್ತದೆ ಎಂದಲ್ಲ. ಇಲ್ಲದಿದ್ದರೆ ಅರ್ಜಿಯನ್ನು ಮನುಷ್ಯರು ನೋಡುವುದೇ ಇಲ್ಲ. ಆನ್‌ಲೈನ್ ಫಾರ್ಮಿನಲ್ಲಿ 'ಪದವಿ ಮುಗಿದಿದೆಯೇ?' ಎಂಬುದಕ್ಕೆ 'ಇಲ್ಲ' ಒತ್ತಿದರೆ ಎಷ್ಟೋ ಕಡೆ ಸಾಫ್ಟ್‌ವೇರೇ ಪಕ್ಕಕ್ಕಿಡುತ್ತದೆ. ಒಂದೇ ಪೇಪರ್ ಬಾಕಿ ಇದ್ದರೂ ಅಲ್ಲಿ ಉತ್ತರ 'ಇಲ್ಲ'ವೇ.

ಇನ್ನು ಅಂಕ: ವೈದ್ಯಕೀಯ, ಕಾನೂನಿಗೆ ಐದಕ್ಕೆ ಐದು. ಲೈಸೆನ್ಸಿಗೆ ಸಾಮಾನ್ಯವಾಗಿ ಬೇರೆ ದಾರಿಯಿಲ್ಲ. ಪ್ರೋಗ್ರಾಮಿಂಗ್, ಡಿಸೈನಿಗೆ ಮೂರು. ಅಲ್ಲಿ ಮಾಡಿ ತೋರಿಸಿದ ಕೆಲಸಕ್ಕೂ ತೂಕವಿದೆ. ಬರೀ ಆರ್ಥಿಕ ಮಂದಗತಿ ಕಳೆಯಲಿ ಎಂದು ಸೇರುವ ಸ್ನಾತಕೋತ್ತರಕ್ಕೆ ಎರಡು: ಅನುಭವವಿಲ್ಲದೆ ಮೇಲಿನ ಡಿಗ್ರಿ ಹಿಡಿದು ಬಂದವರನ್ನು ಆರಂಭದ ಹುದ್ದೆಗೆ ತೆಗೆದುಕೊಳ್ಳಲು ಕಂಪನಿಗಳು ಹಿಂದೆಮುಂದೆ ನೋಡುತ್ತವೆ.

ಆರ್ಥಿಕ ಹಿಂಜರಿತದಲ್ಲಿ ಹೊರಬಂದ ಪದವೀಧರರ ಬಗ್ಗೆ ಕೆನಡಾದ ಅಧ್ಯಯನವೊಂದು ಕಂಡದ್ದು: ಆರಂಭದ ಗಳಿಕೆ ಸುಮಾರು 9% ಕಮ್ಮಿ, ಅಂತರ ಮುಚ್ಚಲು ಹತ್ತು ವರ್ಷ. ಮುಚ್ಚಿಕೊಂಡದ್ದರಲ್ಲಿ ದೊಡ್ಡ ಪಾಲು ಒಳ್ಳೆಯ ಕಂಪನಿಗೆ ಜಿಗಿದದ್ದರಿಂದ. ಮೊದಲ ಕೆಲಸಕ್ಕೇ ಅಂಟಿಕೊಂಡರೆ ನಷ್ಟ.

ಸೇರುವಾಗ ಮಾನ್ಯತೆ ಸಂಸ್ಥೆಗಷ್ಟೇ ಇದೆಯೋ, ನಿಮ್ಮ ಕೋರ್ಸಿಗೂ ಇದೆಯೋ, ಯಾವ ವರ್ಷದವರೆಗೆ ಎಂಬುದನ್ನು ಮಾನ್ಯತೆ ಕೊಡುವವರ ಪಟ್ಟಿಯಲ್ಲೇ ನೋಡಿ. ಹೊರಬರುವಾಗ ಮುಚ್ಚಿದ ಲಕೋಟೆಯಲ್ಲಿ ಮೂರ್ನಾಲ್ಕು ಟ್ರಾನ್ಸ್‌ಕ್ರಿಪ್ಟ್ (ಎಲ್ಲ ವರ್ಷಗಳ ಅಂಕಗಳ ಅಧಿಕೃತ ಪಟ್ಟಿ) ತೆಗೆದಿಟ್ಟುಕೊಳ್ಳಿ. ಹೆಸರಿನ ಸ್ಪೆಲಿಂಗ್ ಪಾಸ್‌ಪೋರ್ಟಿನೊಂದಿಗೆ ತಾಳೆಯಾಗದಿದ್ದರೆ ಅಂದೇ ತಿದ್ದಿಸಿ.