ದಾವಣಗೆರೆ ಊರಾಚೆಯ ಬಾಡಿಗೆ ಮೈದಾನ: ಐದು ಸ್ಟಾರ್ ಕೊಟ್ಟವರೆಲ್ಲ ಬ್ಯಾಟ್ಸ್‌ಮನ್‌ಗಳೇ ಇರಬೇಕು

ಈ ಮೈದಾನದ ಬಗ್ಗೆ ಈಗಾಗಲೇ ಬಂದಿರುವ ರಿವ್ಯೂ ಓದಿದರೆ ತಲೆ ಕೆಡುತ್ತದೆ. ಒಬ್ಬರು "ಸೂಪರ್ ಪಿಚ್, ಬಾಲ್ ಚೆನ್ನಾಗಿ ಬ್ಯಾಟಿಗೆ ಬರುತ್ತದೆ" ಅಂತ ಐದು ಸ್ಟಾರ್ ಕೊಟ್ಟಿದ್ದಾರೆ. ಅದರ ಕೆಳಗೇ ಇನ್ನೊಬ್ಬರು "ಇದು ಪಿಚ್ಚಾ, ಗದ್ದೆನಾ" ಅಂತ ಒಂದೇ ಸ್ಟಾರ್. ಇಬ್ಬರೂ ಸುಳ್ಳು ಹೇಳಿಲ್ಲ. ಒಬ್ಬರು ಮಧ್ಯಾಹ್ನದ ಸ್ಲಾಟ್‌ನಲ್ಲಿ ಆಡಿದ್ದಾರೆ, ಇನ್ನೊಬ್ಬರು ಬೆಳಿಗ್ಗೆಯ ಸ್ಲಾಟ್‌ನಲ್ಲಿ. ನಾನು ಮೀಡಿಯಂ ಪೇಸ್ ಹಾಕುವವನು, ಹಾಗಾಗಿ ಈ ರಿವ್ಯೂ ಸ್ವಲ್ಪ ಬೌಲರ್‌ಗಳ ಕಡೆ ವಾಲಿದ್ದರೆ ಸಹಿಸಿಕೊಳ್ಳಿ. ದೂರು ಜಾಸ್ತಿ ಇರುವುದರಿಂದ ಮೈದಾನದ ಹೆಸರು ಬರೆಯುತ್ತಿಲ್ಲ. ಲೆದರ್ ಬಾಲ್ ಆಡುವವರಿಗೆ ಯಾವುದು ಅಂತ ಗೊತ್ತಾಗುತ್ತದೆ ಬಿಡಿ.

ಅಲ್ಲಿರುವುದು ಒಂದು ಟರ್ಫ್ ವಿಕೆಟ್ (ಅಂದರೆ ಮಣ್ಣಿನ ಪಿಚ್), ಪಕ್ಕದಲ್ಲಿ ಸಿಮೆಂಟ್ ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸುವ ಇನ್ನೊಂದು ವಿಕೆಟ್, ಮೂಲೆಯಲ್ಲಿ ನೆಟ್ಸ್. ಟರ್ಫ್ ಬಾಡಿಗೆ ಮ್ಯಾಟ್‌ಗಿಂತ ಹೆಚ್ಚುಕಮ್ಮಿ ದುಪ್ಪಟ್ಟು. ಬೆಳಿಗ್ಗೆಗೂ ಅದೇ ರೇಟು, ಮಧ್ಯಾಹ್ನಕ್ಕೂ ಅದೇ ರೇಟು. ನನ್ನ ಮೊದಲ ತಕರಾರೇ ಇದು.

ಟರ್ಫ್‌ಗೆ ಹಾಕಿರುವುದು ನಮ್ಮ ಎರೆಮಣ್ಣು. ಈ ಸುತ್ತಿನಲ್ಲಿ ಹತ್ತಿ ಬೆಳೆದು, ಕಾಟನ್ ಮಿಲ್‌ಗಳು ಎದ್ದು, ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂದದ್ದರ ಹಿಂದೆ ಇದೇ ಮಣ್ಣಿದೆ. ಹತ್ತಿಗೆ ಒಳ್ಳೆಯದು, ಕ್ರಿಕೆಟ್‌ಗೆ ಸ್ವಲ್ಪ ತರಲೆ. ಜೇಡಿ ಅಂಶ ಜಾಸ್ತಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಹದವಾದ ತೇವ ಇರುವಾಗಲೇ ಭಾರದ ರೋಲರ್ ಹೊಡೆದರೆ ಗಟ್ಟಿಯಾಗಿ ಕೂರುತ್ತದೆ, ಇಲ್ಲದಿದ್ದರೆ ಇಲ್ಲ. ಕೆಂಪು ಮಣ್ಣಿನ ಪಿಚ್‌ನಲ್ಲಿ ಬಾಲ್ ಎದ್ದು ಬರುತ್ತದೆ, ಮುಂಬೈನ ವಾಂಖೆಡೆಯಲ್ಲಿ ನೋಡಿರುತ್ತೀರಿ. ಎರೆಮಣ್ಣಿನ ಪಿಚ್‌ನಲ್ಲಿ ಸಾಮಾನ್ಯವಾಗಿ ಬಾಲ್ ಕೆಳಗೇ ಉಳಿಯುತ್ತದೆ, ನಿಧಾನವಾಗಿಯೂ ಬರುತ್ತದೆ. ಚಿತ್ರದುರ್ಗದಿಂದ ಬರುವ ಟೀಮ್‌ನವರು ಇಲ್ಲಿ ಪುಲ್ (ಎದ್ದು ಬರುವ ಬಾಲಿಗೆ ಅಡ್ಡ ಬ್ಯಾಟಿನ ಹೊಡೆತ) ಹೊಡೆಯಲು ಹೋಗಿ ಬೌಲ್ಡ್ ಆಗುವುದನ್ನು ನೋಡಬೇಕು, ಪಾಪ. ಅವರು ಅಲ್ಲಿ ಆಡುವುದು ಗಟ್ಟಿ ಕೆಂಪು ನೆಲದಲ್ಲಿ. ಗುಡ್ಡದ ಮೇಲಿನ ಗಾಳಿ ಫ್ಯಾನ್‌ಗಳು ಸುಮ್ನೆ ತಿರುಗುತ್ತವೆಯೇ, ಆ ಗಾಳಿಗೆ ನೆಲದ ತೇವ ಬೇಗ ಆರಿಹೋಗುತ್ತದೆ. ಬಾಲ್ ಸೊಂಟದವರೆಗೆ ಬರುತ್ತದೆ ಅಂತ ನಂಬಿಕೊಂಡು ಬಂದರೆ ಇಲ್ಲಿ ಅದು ಮೊಣಕಾಲನ್ನೂ ದಾಟುವುದಿಲ್ಲ.

ಬೆಳಿಗ್ಗೆ ಸ್ಲಾಟ್ ಕಥೆ ಹೀಗೆ. ಹಿಂದಿನ ಸಂಜೆ ಪೈಪ್ ಹಿಡಿದು ನೀರು ಬಿಡುತ್ತಾರೆ, ಒಂದಿಷ್ಟು ಕೈರೋಲರ್ ಎಳೆಯುತ್ತಾರೆ, ಮುಗೀತು. ಬೆಳಿಗ್ಗೆ 7ಕ್ಕೆ ಮ್ಯಾಚ್ ಶುರುವಾದಾಗ ಮೇಲ್ಪದರ ಇನ್ನೂ ಹಸಿಯಾಗಿರುತ್ತದೆ. ಸೀಮ್ (ಬಾಲಿನ ಹೊಲಿಗೆ) ಮೇಲೆ ಬಿದ್ದ ಬಾಲ್ ನೆಲ ಕಚ್ಚಿ ಆಕಡೆ ಈಕಡೆ ಹೋಗುತ್ತದೆ, ಕೆಲವು ನಿಂತು ಬರುತ್ತವೆ, ಡ್ರೈವ್ ಮಾಡಲು ಹೋದವನು ಕವರ್‌ಗೆ ಸುಲಭದ ಕ್ಯಾಚ್ ಕೊಟ್ಟು ಬ್ಯಾಟ್ ನೋಡಿಕೊಳ್ಳುತ್ತಾ ವಾಪಸ್ ಬರುತ್ತಾನೆ. ಬೌಲರ್ ಏನೂ ವಿಶೇಷ ಮಾಡಬೇಕಿಲ್ಲ, ಗುಡ್ ಲೆಂತ್‌ನಲ್ಲಿ ಹಾಕುತ್ತಾ ಹೋದರೆ ಸಾಕು. ಇಲ್ಲಿಯವರೆಗೆ ನನಗೆ ಖುಷಿಯೇ.

ತೊಂದರೆ ಆಮೇಲೆ. ಹಸಿ ನೆಲದ ಮೇಲೆ ಬಾಲ್ ಬಿದ್ದಲ್ಲೆಲ್ಲ ಸಣ್ಣ ಗುಳಿ ಬೀಳುತ್ತದೆ, ಬಿಸಿಲೇರಿದಂತೆ ಆ ಗುಳಿಗಳು ಹಾಗೇ ಗಟ್ಟಿಯಾಗುತ್ತವೆ. ಎರಡನೇ ಇನಿಂಗ್ಸ್‌ನಲ್ಲಿ ಅದರ ಅಂಚಿಗೆ ಬಡಿದ ಬಾಲ್ ಒಮ್ಮೆ ಗಲ್ಲಕ್ಕೆ ಬರುತ್ತದೆ, ಇನ್ನೊಮ್ಮೆ ಪಾದಕ್ಕೆ. ಇಂಥ ವಿಕೆಟ್ ಬೌಲರ್ ಆದ ನನಗೂ ಬೇಡ. 1998ರಲ್ಲಿ ಜಮೈಕಾದ ಸಬೀನಾ ಪಾರ್ಕ್‌ನಲ್ಲಿ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡ್ ಟೆಸ್ಟನ್ನು 10.1 ಓವರ್‌ಗೇ ಕೈಬಿಟ್ಟದ್ದು ಇಂಥ ಏರುಪೇರು ಬೌನ್ಸ್‌ಗೇ. ಅವರಿಗೆ ಮೈತುಂಬ ಗಾರ್ಡ್ ಇತ್ತು, ಪಕ್ಕದಲ್ಲಿ ಫಿಸಿಯೋ ಇದ್ದರು. ನಮ್ಮ ಟೀಮ್‌ನಲ್ಲಿ ಇರುವುದೇ ಎರಡು ಹೆಲ್ಮೆಟ್, ಅದರಲ್ಲಿ ಒಂದರ ಪಟ್ಟಿ ಕಿತ್ತಿದೆ.

ನಡುವೆ ರೋಲರ್ ಹೊಡೆದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಕ್ರಿಕೆಟ್ ನಿಯಮದಲ್ಲೇ ಇದೆ, ಬ್ಯಾಟ್ ಮಾಡುವ ಟೀಮ್ ಕ್ಯಾಪ್ಟನ್ ಕೇಳಿದರೆ ಎರಡನೇ ಇನಿಂಗ್ಸ್‌ಗೆ ಮೊದಲು 7 ನಿಮಿಷದವರೆಗೆ ರೋಲ್ ಮಾಡಿಸಬಹುದು. ಇಲ್ಲಿ ಕೇಳಿ ನೋಡಿ. "ಏನಾಗಲ್ಲ ಬಿಡ್ರಿ ಸರ್, ಗಟ್ಟಿ ಐತಿ" ಅನ್ನುತ್ತಾರೆ. ಮುಂದಿನ ಸ್ಲಾಟ್‌ನವರು ಗೇಟ್ ಹತ್ತಿರ ನಿಂತಿರುತ್ತಾರಲ್ಲ, ಮೈದಾನದವರ ಚಿಂತೆಯೆಲ್ಲ ಅಲ್ಲೇ.

ಬೆಳಿಗ್ಗೆ ಯಾರೂ ಬುಕ್ ಮಾಡದ ದಿನ ಮಧ್ಯಾಹ್ನದ ಸ್ಲಾಟ್, ಅಂದರೆ 11ರದ್ದು, ಸಿಕ್ಕರೆ ಮಾತ್ರ ಇದೇ ಪಿಚ್ ಬೇರೆಯೇ. ಗುಳಿ ಇಲ್ಲ, ಮೇಲ್ಪದರ ಸಮನಾಗಿ ಒಣಗಿದೆ, ಇನ್ನೂ ಪುಡಿಯಾಗಿಲ್ಲ. ಸೀಮ್ ಮೇಲೆ ಬಿದ್ದರೂ ಬಾಲ್ ಆಕಡೆ ಈಕಡೆ ಹೋಗುವುದಿಲ್ಲ, ಔಟ್‌ಫೀಲ್ಡ್‌ನಲ್ಲಿ ಹುಲ್ಲಿಲ್ಲ, ಒಂದು ಕಡೆ ಬೌಂಡರಿ ಬೇರೆ ಚಿಕ್ಕದು. ನೆಟ್ಸ್‌ಗೇ ಬಾರದವರೂ ಇಲ್ಲಿ ಅರ್ಧ ಶತಕ ಹೊಡೆದು ವಾಟ್ಸಾಪ್ ಸ್ಟೇಟಸ್ ಹಾಕುತ್ತಾರೆ. ಐದು ಸ್ಟಾರ್‌ಗಳು ಹುಟ್ಟುವುದು ಇಲ್ಲೇ. ಸಂಜೆ ಹೊತ್ತಿಗೆ, ಅದೂ ಏಪ್ರಿಲ್ ಬಿಸಿಲಲ್ಲಿ, ಮಣ್ಣು ಪುಡಿ ಏಳುತ್ತದೆ. ಆಗ ಸ್ಪಿನ್ನರ್ ಕೈಗೆ ಬಾಲ್ ಕೊಡಿ.

ಪಿಚ್ ಹೊತ್ತಿಗೊಂದು ತರ ಆಗುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆಟದ ಮಜವೇ ಅದು ಅಲ್ವಾ? 2015ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ನಡೆದ ರಣಜಿ ಫೈನಲ್ ನೆನಪಿಸಿಕೊಳ್ಳಿ. ನಮ್ಮೂರ ವಿನಯ್ ಕುಮಾರ್ 34 ರನ್‌ಗೆ 5 ವಿಕೆಟ್ ಕಿತ್ತು ತಮಿಳುನಾಡನ್ನು 134ಕ್ಕೆ ಮಡಚಿದರು. ಕರ್ನಾಟಕವೂ 84ಕ್ಕೆ 5 ಆಗಿ ಒದ್ದಾಡಿತು. ಆಮೇಲೆ ಅದೇ ಪಿಚ್ ಮೇಲೆ ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188, ಬೌಲರ್ ವಿನಯ್ ಅವರೇ ಔಟಾಗದೆ 105, ಒಟ್ಟು 762. ಶುರುವಿನಲ್ಲಿ ಬೌಲರ್‌ಗೆ ಏನೋ ಇತ್ತು, ತಾಳ್ಮೆಯಿಂದ ನಿಂತವನಿಗೆ ಆಮೇಲೆ ರನ್ ಸಿಕ್ಕಿತು. ಪಿಚ್ ಅಂದರೆ ಹೀಗಿರಬೇಕು. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ 2024ರ ಐಪಿಎಲ್‌ನಲ್ಲಿ ಸನ್‌ರೈಸರ್ಸ್ 287, ಆರ್‌ಸಿಬಿ 262, ಒಂದೇ ರಾತ್ರಿ 549 ರನ್ ಬಂತು. ನೋಡಲು ಚೆನ್ನ, ಬೌಲರ್‌ಗಳ ಮುಖ ನೋಡಲಾಗಲಿಲ್ಲ. ಅದೇ ಮೈದಾನದಲ್ಲಿ 1987ರಲ್ಲಿ ಪಾಕಿಸ್ತಾನ 116ಕ್ಕೆ ಆಲೌಟ್ ಆಗಿಯೂ ಭಾರತವನ್ನು 16 ರನ್‌ನಿಂದ ಸೋಲಿಸಿತ್ತು. ತಿರುಗುವ ಪಿಚ್‌ನಲ್ಲಿ ಗವಾಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ ಹೊಡೆದ 96ರ ಬಗ್ಗೆ ಹಿರಿಯರು ಇವತ್ತಿಗೂ ಮಾತಾಡುತ್ತಾರೆ. 549ರ ರಾತ್ರಿಯ ಒಂದು ಇನಿಂಗ್ಸ್ ಬಗ್ಗೆ ಹಾಗೆ ಮಾತಾಡುತ್ತಾರಾ, ನನಗೆ ಅನುಮಾನ.

ಈಗ ಮ್ಯಾಟ್ ವಿಕೆಟ್. ದುಡ್ಡಿಗೆ ಸರಿಯಾದ ಮಾಲು ಇದೇ. ಕೆಳಗೆ ಸಿಮೆಂಟ್ ಇರುವುದರಿಂದ ಬೌನ್ಸ್ ಮೇಲೆ ನಂಬಿಕೆ ಇಡಬಹುದು, ಬ್ಯಾಕ್‌ಫುಟ್ ಆಟಗಾರರಿಗೆ ಖುಷಿ. ನಾರಿನ ಹೆಣಿಗೆ ಬಾಲನ್ನು ಹಿಡಿಯುವುದರಿಂದ ಕಟರ್ (ಬೆರಳಿಂದ ಉಜ್ಜಿ ಬಿಟ್ಟು, ನೆಲಕ್ಕೆ ಬಿದ್ದ ಮೇಲೆ ಪಕ್ಕಕ್ಕೆ ಸರಿಯುವ ಬಾಲ್) ಹಾಕುವವರಿಗೂ ಲೆಗ್ ಸ್ಪಿನ್ನರ್‌ಗೂ ಕೆಲಸ ಸಿಗುತ್ತದೆ. 1956ರ ಕರಾಚಿ ಟೆಸ್ಟ್‌ನಲ್ಲಿ ಮ್ಯಾಟ್ ಮೇಲೆ ಪಾಕಿಸ್ತಾನದ ಫಜಲ್ ಮಹಮೂದ್ ಇದೇ ಕಟರ್‌ಗಳಿಂದ 13 ವಿಕೆಟ್ ತೆಗೆದಿದ್ದರು. ಆಸ್ಟ್ರೇಲಿಯಾ 80ಕ್ಕೆ ಆಲೌಟ್, ಮೊದಲ ದಿನ ಎರಡೂ ಟೀಮ್ ಸೇರಿ ಬರೀ 95 ರನ್. ಮ್ಯಾಟ್ ಅಂದರೆ ಬ್ಯಾಟಿಂಗ್ ಸುಲಭ ಅನ್ನುವವರು ಇದನ್ನು ನೆನಪಿಡಿ. ಒಂದೇ ಎಚ್ಚರಿಕೆ: ಮ್ಯಾಟ್ ಬಿಗಿಯಾಗಿ ಎಳೆದು ಕಟ್ಟಿದ್ದಾರಾ ಅಂತ ನೀವೇ ನೋಡಿ. ಸಡಿಲ ಬಿಟ್ಟರೆ ಮಡಿಕೆ ಬಿದ್ದ ಜಾಗದಲ್ಲಿ ಬಾಲ್ ಎತ್ತ ಹೋಗುತ್ತದೋ ದೇವರೇ ಬಲ್ಲ, ಓಡುವಾಗ ಸ್ಪೈಕ್ಸ್ ಸಿಕ್ಕಿ ಮುಗ್ಗರಿಸುವುದೂ ಉಂಟು.

ನೆಟ್ಸ್ ಪರವಾಗಿಲ್ಲ. ಕುಡಿಯುವ ನೀರಿದೆ, ನೆರಳಿಲ್ಲ. ಟಾಯ್ಲೆಟ್ ಬಗ್ಗೆ ಕೇಳಬೇಡಿ. ಗೇಟ್ ಆಚೆ ಸಂಜೆ ಮಂಡಕ್ಕಿ ಮಿರ್ಚಿ ಗಾಡಿ ನಿಲ್ಲುತ್ತದೆ, ಅದಕ್ಕೆ ಬೇಕಾದರೆ ನಾನೂ ಐದು ಸ್ಟಾರ್ ಕೊಡುತ್ತೇನೆ.

ಮ್ಯಾಟ್‌ಗೆ ನಾಲ್ಕು, ಟರ್ಫ್‌ಗೆ ಎರಡು. ಟರ್ಫೇ ಬೇಕು ಅನ್ನುವವರು ಹಿಂದಿನ ಸಂಜೆ ಫೋನ್ ಮಾಡಿ ನೀರು ಎಷ್ಟು ಹೊತ್ತಿಗೆ ಬಿಟ್ಟರು, ಬೆಳಿಗ್ಗೆ ಬೇರೆ ಮ್ಯಾಚ್ ಇದೆಯಾ ಅಂತ ಎರಡೇ ಪ್ರಶ್ನೆ ಕೇಳಿ. ಬೆಳಿಗ್ಗೆ ಸ್ಲಾಟೇ ಗತಿಯಾದರೆ ಟಾಸ್ ಗೆದ್ದು ಬೌಲಿಂಗ್ ತಗೊಂಡುಬಿಡಬೇಡಿ, ಗುಳಿ ಬಿದ್ದ ಮೇಲೆ ಚೇಸ್ ಮಾಡುವುದು ನೀವೇ. ಜೂನ್ ನಂತರ ಅಡ್ವಾನ್ಸ್ ಕೊಡಲೇಬೇಡಿ. ಪಿಚ್‌ಗೆ ಹೊದಿಸಲು ಕವರ್ ಇಲ್ಲ, ಮಳೆ ಬಂದರೆ ದುಡ್ಡೂ ವಾಪಸ್ ಬರುವುದಿಲ್ಲ.