ನಾವು ಊರಿಗೆ ಹೊರಟರೆ ನಮ್ಮ ನಾಯಿ ಬೆಳ್ಳಿ, ಬೆಕ್ಕು ಮಿಟ್ಟು ಎಲ್ಲಿರಬೇಕು? ನಾಲ್ಕು ದಾರಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಂಬಿಕೆಯವರು ಒಬ್ಬರು ನಮ್ಮ ಮನೆಗೇ ಬಂದು, ರಾತ್ರಿ ಇಲ್ಲೇ ಮಲಗಿ ನೋಡಿಕೊಳ್ಳುವುದೇ ನಮಗೆ ಸರಿಹೋಗಿದ್ದು. ಉಳಿದ ಮೂರನ್ನೂ ನಾವು ಮಾಡಿ ನೋಡಿದ್ದೇವೆ. ಅದರಲ್ಲಿ ಒಂದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬೆಳ್ಳಿ ಏಳು ವರ್ಷದ ನಾಟಿ ನಾಯಿ. ಮಳೆಗಾಲದಲ್ಲಿ ನಮ್ಮ ಗೇಟಿನ ಕೆಳಗೆ ನುಸುಳಿ ಬಂದವಳು. ಮಿಟ್ಟು ಬೆಕ್ಕು, ಅವನಿಗೆ ಮೂರು ವರ್ಷ. ಬೆಳ್ಳಿಗೆ ಅನ್ನವನ್ನು ಕೈಯಲ್ಲಿ ಕಲಸಿ ಕೊಡಬೇಕು. ಚಮಚದಲ್ಲಿ ಕಲಸಿದ್ದನ್ನು ಮೂಸಿ ನೋಡಿ ಹೋಗಿಬಿಡುತ್ತಾಳೆ. ಇದು ಗೊತ್ತಿದ್ದೂ ನಾನು ಮೊದಲ ಸಲ ಅವಳನ್ನು, ದುಡ್ಡು ಕೊಟ್ಟು ನಾಯಿಗಳನ್ನು ಬಿಟ್ಟುಹೋಗುವ ಬೋರ್ಡಿಂಗ್‌ಗೆ ಬಿಟ್ಟೆ.

ಆಗ ಅತ್ತೆ ಮಾವನನ್ನು ಕಾಶಿಗೆ ಕರೆದುಕೊಂಡು ಹೊರಟಿದ್ದೆವು. ಒಂಬತ್ತು ದಿನ. ಊರಾಚೆ ಇದ್ದ ಒಂದು ಜಾಗ ನೋಡಿ ಬಂದೆವು. ದಿನಕ್ಕೆ 800 ರೂಪಾಯಿ. ಓಡಾಡಲು ದೊಡ್ಡ ಹುಲ್ಲಿನ ಅಂಗಳ, ದಿನಾ ಒಂದು ವಿಡಿಯೊ. ಲಸಿಕೆ ಪುಸ್ತಕವನ್ನು ಹಾಳೆ ಹಾಳೆ ತಿರುಗಿಸಿ ನೋಡಿದರು. ರೇಬಿಸ್ ಆಗಿದೆಯಾ, ಡಿಸ್ಟೆಂಪರ್ ಪಾರ್ವೊ ಆಗಿದೆಯಾ, ಕೆನಲ್ ಕಾಫ್‌ಗೆ ಹಾಕಿಸಿದ್ದೀರಾ ಅಂತ ಒಂದೊಂದಾಗಿ ಕೇಳಿದರು. ಎಷ್ಟು ಜಾಗ್ರತೆ ಇದೆ ಅಂತ ಸಮಾಧಾನ ಆಯಿತು. ಆದರೆ ಒಳಗೆ ಬರುವ ನಾಯಿಗಳ ಮೈಮೇಲೆ ಉಣ್ಣಿ ಇದೆಯಾ ಅಂತ ಕಿವಿ ಮಡಿಚಿ ನೋಡುವವರು ಅಲ್ಲಿ ಯಾರೂ ಇರಲಿಲ್ಲ. ನನಗೂ ಕೇಳಬೇಕು ಅಂತ ಹೊಳೆಯಲಿಲ್ಲ.

ಕರೆತಂದ ದಿನ ರಾತ್ರಿ ತಲೆ ಸವರುವಾಗ ಕಿವಿಯ ಒಳಮಡಿಕೆಯಲ್ಲಿ ಏನೋ ಗಂಟು ಸಿಕ್ಕಿತು. ಟಾರ್ಚ್ ಹಾಕಿ ನೋಡಿದರೆ ಹುರಳಿಕಾಳಿನಷ್ಟು ಊದಿದ ಉಣ್ಣಿ. ನಮ್ಮ ಸಾಗರದ ಕಡೆ ಇದನ್ನೇ ಉಣುಗು ಅನ್ನುತ್ತೇವೆ. ಕಾಲ್ಬೆರಳ ಸಂದಿಯಲ್ಲಿ ಇನ್ನೂ ನಾಲ್ಕು ಇದ್ದವು. ಚಿಮಟದಲ್ಲಿ ಬುಡಕ್ಕೆ ಹಿಡಿದು ಎಳೆದು ತೆಗೆದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಹತ್ತು ದಿನ ಕಳೆದ ಮೇಲೆ ಬೆಳ್ಳಿ ಮೊಸರನ್ನ ಬಿಟ್ಟಳು. ಏನು ಬಿಟ್ಟರೂ ಮೊಸರನ್ನ ಬಿಡುವವಳಲ್ಲ. ಬಾಗಿಲ ಹತ್ತಿರ ಮಲಗಿದವಳು ಗೇಟಿನ ಸದ್ದಿಗೂ ಏಳಲಿಲ್ಲ. ಒಸಡು ಬಿಳಿಚಿಕೊಂಡಿತ್ತು. ಡಾಕ್ಟರು ರಕ್ತ ತೆಗೆದು ನೋಡಿದರು. ಪ್ಲೇಟ್‌ಲೆಟ್ 48 ಸಾವಿರ. ಆರೋಗ್ಯವಾಗಿರುವ ನಾಯಿಗೆ 2 ಲಕ್ಷದ ಆಸುಪಾಸಿನಲ್ಲೋ ಅದಕ್ಕಿಂತ ಜಾಸ್ತಿಯೋ ಇರಬೇಕಂತೆ. ಉಣ್ಣಿ ಜ್ವರ. ಕಚ್ಚಿದ ಒಂದರಿಂದ ಮೂರು ವಾರದೊಳಗೆ ಇದು ಕಾಣಿಸಿಕೊಳ್ಳುತ್ತದೆ ಎಂದರು. ಲೆಕ್ಕ ಸರಿಯಾಗಿ ಬೋರ್ಡಿಂಗ್ ದಿನಗಳಿಗೇ ಹೋಗಿ ನಿಂತಿತು.

28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ. ಹಾಲು ಮೊಸರಿನ ಜೊತೆ ಕೊಟ್ಟರೆ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅಂದರೆ ಅವಳಿಗೆ ಅಷ್ಟು ಇಷ್ಟದ ಮೊಸರನ್ನದಲ್ಲಿ ಮಾತ್ರೆ ಇಡುವ ಹಾಗಿಲ್ಲ. ಕೊನೆಗೆ ಇಡ್ಲಿ ಚೂರಿನೊಳಗೆ ಹುದುಗಿಸಿ, ಬೆಳಿಗ್ಗೆ ಸಂಜೆ ಪಕ್ಕದಲ್ಲೇ ಕೂತು ತಿನ್ನಿಸಿದೆ. ಐದನೇ ದಿನಕ್ಕೆ ಬಾಲ ಅಲ್ಲಾಡಿಸಿದಳು. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಬೋರ್ಡಿಂಗ್‌ನವರಿಗೆ ಫೋನ್ ಮಾಡಿದೆ. ‘ನಿಮ್ಮ ಮನೆ ಹತ್ತಿರವೇ ಅಂಟಿರಬಹುದು ಮೇಡಂ’ ಎಂದರು. ಇರಬಹುದು, ಬೀದಿಯಲ್ಲಿ ಉಣ್ಣಿ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿಯವರೆಗೆ ಒಂದು ಸಲವೂ ಬಾರದ್ದು ಆ ಒಂಬತ್ತು ದಿನದಲ್ಲೇ ಬಂತು. ಈ ಹುಳು ನಾಯಿಯ ಮೈಮೇಲೆ ಮಾತ್ರ ಇರುವುದಲ್ಲ. ಗೋಡೆ ಬಿರುಕು, ಬಾಗಿಲ ಸಂದಿ ಸೇರಿಕೊಂಡು ಅಲ್ಲೇ ಮೊಟ್ಟೆ ಇಡುತ್ತದೆ. ವಾರಕ್ಕೊಂದು ಹೊಸ ನಾಯಿ ಬರುವ ಜಾಗದಲ್ಲಿ ಗೋಡೆಗೂ ಔಷಧಿ ಹೊಡೆಯದಿದ್ದರೆ ಹೇಗೆ? ಬೋರ್ಡಿಂಗ್‌ಗೇ ಬಿಡಬೇಕಾದ ಪರಿಸ್ಥಿತಿ ನಿಮಗಿದ್ದರೆ ದಯವಿಟ್ಟು ಇದೊಂದನ್ನು ಕೇಳಿ: ಉಣ್ಣಿಗೆ ಏನು ಮಾಡುತ್ತೀರಿ, ಕೊನೆಯ ಸಲ ಯಾವಾಗ ಮಾಡಿದಿರಿ? ಹೊರಡುವ ಮೊದಲು ಡಾಕ್ಟರನ್ನು ಕೇಳಿ ಉಣ್ಣಿ ಮಾತ್ರೆಯನ್ನೂ ತಿನ್ನಿಸಿ.

7,200 ರೂಪಾಯಿ ಬೋರ್ಡಿಂಗ್‌ಗೆ, ಆಮೇಲೆ ರಕ್ತ ಪರೀಕ್ಷೆ, ಡ್ರಿಪ್, ಮಾತ್ರೆ ಎಲ್ಲ ಸೇರಿ ಇನ್ನೊಂದು 6,500.

ಎರಡನೆಯ ಸಲ ಜೊತೆಗೇ ಕರೆದುಕೊಂಡು ಹೋದೆವು. ದಸರಾ ರಜೆ, ಸಾಗರ, ಸ್ವಂತ ಕಾರು. ದುಡ್ಡಿನ ಲೆಕ್ಕದಲ್ಲಿ ಇದಕ್ಕಿಂತ ಕಮ್ಮಿ ಯಾವುದೂ ಇಲ್ಲ. ಬೆಳ್ಳಿಗೆ ಖುಷಿಯೋ ಖುಷಿ. ಆದರೆ ತೋಟದ ಮನೆ. ಕತ್ತಲಾದರೆ ಚಿರತೆ ಭಯಕ್ಕೆ ಊರಿನ ನಾಯಿಗಳನ್ನೇ ಒಳಗೆ ಹಾಕುತ್ತಾರೆ. ಕೊಟ್ಟಿಗೆ ಕಡೆ ಓಡಿ ಹಸುವಿನಿಂದ ಒದೆಸಿಕೊಂಡಳು. ಮಿಟ್ಟುವಂತೂ ಬುಟ್ಟಿಯಲ್ಲಿ ದಾರಿಯುದ್ದಕ್ಕೂ ಕೂಗಿ ಕೂಗಿ ಸ್ವರ ಹೋಗಿತ್ತು. ಬೆಕ್ಕಿಗೆ ಜನಕ್ಕಿಂತ ಜಾಗ ಮುಖ್ಯ. ಮತ್ತೆ ಆ ಕೆಲಸ ಮಾಡುವುದಿಲ್ಲ.

ರೈಲಿನ ಬಗ್ಗೆಯೂ ವಿಚಾರಿಸಿದ್ದೆ. ಫಸ್ಟ್ ಎಸಿಯಲ್ಲಿ ಕೂಪೆ (ಇಬ್ಬರು ಮಲಗುವ ಪುಟ್ಟ ಕೋಣೆ) ಪೂರ್ತಿ ನಮ್ಮದೇ ಆಗಿದ್ದರೆ ನಾಯಿ ಜೊತೆಗಿರಬಹುದು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಅವಳನ್ನು ಕೂರಿಸಲು ಮನಸ್ಸು ಬರಲಿಲ್ಲ.

ಮೂರನೆಯದು, ದಿನಕ್ಕೆರಡು ಸಲ ಬಂದು ಊಟ ಹಾಕಿ ಹೋಗುವವರು. ಒಂದು ಸಲ ಬಂದರೆ 300 ರೂಪಾಯಿ. ಬೆಕ್ಕು ಮಾತ್ರ ಇರುವ ಮನೆಗೆ, ಎರಡು ಮೂರು ದಿನಕ್ಕೆ, ಇದು ಸಾಕು. ತಟ್ಟೆ ಖಾಲಿ ಆಗಿದೆಯಾ ಅಂತ ನೋಡಿ ತಿಳಿಸಬೇಕು, ಅಷ್ಟೆ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದೆ ಇದ್ದರೆ ಲಿವರ್ ಕೆಡಬಹುದು, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಬೆಳ್ಳಿಗೆ ರಾತ್ರಿ ಮನೆಯಲ್ಲಿ ಯಾರಾದರೂ ಇರಲೇಬೇಕು. ಎರಡನೇ ರಾತ್ರಿ ಹನ್ನೊಂದರಿಂದ ಒಂದರವರೆಗೂ ಬೊಗಳಿದಳು ಅಂತ ಪಕ್ಕದ ಮನೆ ಆಂಟಿ ಫೋನ್ ಮಾಡಿದರು. ಮುಂದಿನ ಬಾಗಿಲಿನ ಮರದ ಮೇಲೆ ಅವಳು ಕೆರೆದ ಗೀರು ಇನ್ನೂ ಹಾಗೇ ಇದೆ.

ಆಮೇಲೆ ಸಿಕ್ಕಿದ್ದು ಈಗಿನ ವ್ಯವಸ್ಥೆ. ನಮ್ಮ ಮನೆ ಬೆಂಗಳೂರಿನ ಸಂಜಯನಗರದಲ್ಲಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹತ್ತಿರ. ಪರಿಚಯದವರ ಮೂಲಕ ಅಲ್ಲಿ ಓದುವ ಒಬ್ಬ ಹುಡುಗಿ ಸಿಕ್ಕಳು. ಹಾಸ್ಟೆಲ್ ಬಿಟ್ಟು ಒಂದು ವಾರ ಮನೆಯಲ್ಲಿ ಇರುವುದು ಅವಳಿಗೂ ಇಷ್ಟ. ದಿನಕ್ಕೆ 700 ಕೊಡುತ್ತೇವೆ. ಅಕ್ಕಿ, ಬೇಳೆ, ಹಾಲು, ಮೊಟ್ಟೆ ತುಂಬಿಸಿಟ್ಟು ಹೋಗುತ್ತೇವೆ.

ಹೊಸಬರಿಗೆ ಮನೆ ಬೀಗದ ಕೈ ಕೊಡುವುದು ಅಂದರೆ ಯೋಚನೆ ಆಗೇ ಆಗುತ್ತದೆ. ನನ್ನವರು ಮೊದಲು ಒಪ್ಪಲೇ ಇಲ್ಲ. ಅದಕ್ಕೇ ಹೊರಡುವ ಹದಿನೈದು ದಿನ ಮೊದಲು, ನಾವಿರುವಾಗಲೇ, ಒಂದು ರಾತ್ರಿ ಬಂದು ಇರಲು ಹೇಳಿದೆವು. ಬಂದವಳು ಬೆಳ್ಳಿಯನ್ನು ಕರೆಯಲಿಲ್ಲ, ಮುಟ್ಟಲೂ ಇಲ್ಲ. ಚಾಪೆ ಮೇಲೆ ಕೂತು ಸುಮ್ನೆ ಓದಿಕೊಂಡಳು. ಅರ್ಧ ಗಂಟೆಯಲ್ಲಿ ಬೆಳ್ಳಿಯೇ ಹೋಗಿ ಅವಳ ಪುಸ್ತಕದ ಮೇಲೆ ಗದ್ದ ಇಟ್ಟಳು. ಅಲ್ಲಿಗೆ ನನ್ನವರೂ ಒಪ್ಪಿದರು.

ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸುತ್ತೇನೆ. ಡಾಕ್ಟರ ನಂಬರು, ಊಟದ ಹೊತ್ತು, ‘ಕೈಯಲ್ಲೇ ಕಲಸು’. ಕಳೆದ ಸಲ ವಾಪಸ್ ಬಂದಾಗ ಆ ಚೀಟಿಯ ಕೆಳಗೆ ಅವಳ ಅಕ್ಷರದಲ್ಲಿ ದಿನಾಂಕ ಹಾಕಿ ಬರೆದಿತ್ತು: ಕಿವಿ ನೋಡಿದೆ, ಇಲ್ಲ. ಬೆರಳ ಸಂದಿ ನೋಡಿದೆ, ಇಲ್ಲ. ಎಂಟು ದಿನಕ್ಕೆ ಎಂಟು ಸಾಲು.

ಒಂದೇ ನಾಯಿ ಇದ್ದು, ಅದು ಬೇರೆ ನಾಯಿಗಳ ಜೊತೆ ಸಲೀಸಾಗಿ ಆಡಿಕೊಂಡಿರುವಂಥದ್ದಾದರೆ ನಿಮಗೆ ಒಳ್ಳೆಯ ಬೋರ್ಡಿಂಗ್ ಸಾಕಾಗಬಹುದು. ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ, ಬೆಳ್ಳಿಗೆ ವಯಸ್ಸಾಗುತ್ತಿದೆ, ನಾವು ಹೊರಗೆ ಹೋಗುವುದೇ ವರ್ಷಕ್ಕೊಂದು ಸಲ. ಹಾಗಾಗಿ ಹೋಟೆಲಿಗೆ ಸ್ವಲ್ಪ ಕಮ್ಮಿ ಖರ್ಚು ಮಾಡಿ ಇದಕ್ಕೆ ಕೊಡುತ್ತೇವೆ.

ಈ ಸಲ ಏಪ್ರಿಲ್ ಕೊನೆಗೆ ಹೊರಡಬೇಕೆಂದಿದ್ದೆವು. ಆ ಹುಡುಗಿಗೆ ಆಗ ಪರೀಕ್ಷೆಯಂತೆ. ಪ್ರವಾಸವನ್ನೇ ಮೇ ಎರಡನೇ ವಾರಕ್ಕೆ ಹಾಕಿದ್ದೇವೆ.